ಏಳನೆಯ ಪ್ರಶ್ನೆಗೆ ಒಂಬತ್ತು ಸೆಕೆಂಡು

1
ಈ ಕಥೆಯನ್ನು ಎಲ್ಲಿಂದ ಶುರುಮಾಡುವುದು? ಸ್ಟುಡಿಯೋದ ಕೆಂಪು ದೀಪ ಹೊತ್ತಿಕೊಂಡ ಗಳಿಗೆಯಿಂದ ಎಂದುಕೊಂಡು ಒಂದು ಪುಟ ಬರೆದೆ. ಹರಿದೆ. ದೀಪ ಕಂಡಲ್ಲೆಲ್ಲ ಹುಳುವಿನಂತೆ ಬೀಳುವುದು ಕಥೆಗಾರರ ಚಟ. ನಾನು ಪತ್ರಿಕೆಯಲ್ಲಿ ಕೆಲಸ ಕಲಿತವನು. ಯಾರು, ಎಲ್ಲಿ, ಯಾವಾಗ ಎಂಬುದನ್ನು ಮೊದಲು ಮುಗಿಸಿಬಿಡೋಣ.

ಯಾರು: ಸುಮಿತ್ರಾ, ಮೈಸೂರಿನವಳು, ಸಯನ್‌ನಲ್ಲಿ ವಾಸ. ಎಲ್ಲಿ: ಮುಂಬಯಿಯ ಒಂದು ರೇಡಿಯೋ ಕೇಂದ್ರದ ಕನ್ನಡ ವಿಭಾಗ. ಅಲ್ಲಿ ಅವಳು ಕ್ಯಾಶುಯಲ್. ಕರೆದ ದಿನ ಕೆಲಸ, ಕರೆಯದ ದಿನ ಇಲ್ಲ. (ಕೇಂದ್ರ ನನ್ನ ಕಲ್ಪನೆಯದು. ಹುಡುಕಿಕೊಂಡು ಹೋಗಬೇಡಿ.) ಯಾವಾಗ: ಏಪ್ರಿಲ್ 1976, ತುರ್ತುಪರಿಸ್ಥಿತಿಗೆ ಹತ್ತು ತಿಂಗಳು.

2
ಆ ಕೇಂದ್ರದ ‘ಸಂವಾದ’ವೆಂದರೆ ಏನೆಂದು ಓದುಗರಿಗೆ ತಿಳಿದಿರಬೇಕು. ಕೇಳುವವರ ಪ್ರಶ್ನೆಯನ್ನೂ ಹೇಳುವವರ ಉತ್ತರವನ್ನೂ ಮೊದಲೇ ಬರೆದು, ಕಾರ್ಬನ್ ಇಟ್ಟು ಮೂರು ಪ್ರತಿ ಮಾಡಿ, ಅಧಿಕಾರಿಯ ಸಹಿ ಪಡೆಯಬೇಕು. ಎಲ್ಲಿ ನಗಬೇಕು ಎಂಬುದನ್ನೂ ಕಂಸದಲ್ಲಿ ಬರೆದಿರುತ್ತಾರೆ. ಆಮೇಲೆ ಇಬ್ಬರೂ ಹಾಳೆ ಸದ್ದಾಗದಂತೆ ಓದುತ್ತಾರೆ. ರಂಗಭೂಮಿ, ಚಿತ್ರಕಲೆ, ಬೆಲೆಯೇರಿಕೆ, ಎಲ್ಲದರ ಮೇಲೂ ಸುಮಿತ್ರಾ ಆರು ವರ್ಷ ಹೀಗೆ ಸಂವಾದ ನಡೆಸಿದ್ದಳು, ಬರೆದ ಕಡೆಯಲ್ಲೆಲ್ಲ ತಪ್ಪದೆ ನಕ್ಕಿದ್ದಳು.

3
ಸೋಮವ್ವ ಯಾದಗಿರಿ ಕಡೆಯವಳು. ಸುಮಿತ್ರಾಳ ಮನೆಯ ಎದುರು ಏಳುತ್ತಿದ್ದ ಬಿಲ್ಡಿಂಗಿನಲ್ಲಿ ಕಾಂಕ್ರೀಟು ಹೊರುತ್ತಿದ್ದಳು. ಹೊರುವಾಗ ಹಾಡುತ್ತಿದ್ದುದು ಬೀಸುವ ಪದ. ಸುಮಿತ್ರಾ ಕೇಳಿ ಬೆರಗಾದಳು. ‘ಬೀಸುವ ಪದಗಳು: ಒಂದು ಸಂವಾದ’ ಎಂದು ಕಾರ್ಯಕ್ರಮ ಗೊತ್ತಾಯಿತು.

ಸೋಮವ್ವನಿಗೆ ಓದು ಬಾರದು. ಆದ್ದರಿಂದ ಸುಮಿತ್ರಾ ಅವಳು ಆಡಿದ್ದನ್ನೇ ಬರೆದುಕೊಂಡು, ಊಟದ ಬಿಡುವಿನಲ್ಲಿ ನಾಲ್ಕು ದಿನ ಓದಿ ಹೇಳಿ ಬಾಯಿಪಾಠ ಮಾಡಿಸಿದಳು. ತಪ್ಪು ಆದದ್ದು ಇಲ್ಲಿಯೇ: ಸಹಿ ಬೀಳುವ ಮೊದಲೇ ಪಾಠ ಮಾಡಿಸಿದಳು. ಸಹಿಯಾದ ಪ್ರತಿ ಕೈಗೆ ಬಂದದ್ದು ಪ್ರಸಾರದ ಸಂಜೆ.

ಏಳನೆಯ ಪ್ರಶ್ನೆ ಹಾಗೆಯೇ ಇತ್ತು: ‘ಮುಂಬಯಿಯಲ್ಲಿ ಈಗಲೂ ಬೀಸುತ್ತೀರಾ?’

ಉತ್ತರದ ಮೇಲೆ ಕೆಂಪು ಪೆನ್ಸಿಲ್ ಗೆರೆ ಎಳೆದಿತ್ತು. ಮೊದಲು ಇದ್ದದ್ದು: ‘ಈಗ ಎಲ್ಲಿಂದ ಬೀಸಲ್ರಿ. ಹೋದ ತಿಂಗಳು ಮಂಗಳಾರ ಮುಂಜಾನಿ ಕುರ್ಲಾದಾಗ ನಮ್ಮ ಜೋಪಡಿ ಕೆಡವಿದ್ರು. ಬೀಸೂ ಕಲ್ಲು ಅದರಡಿ ಅದ.’ ಅದರ ಜಾಗದಲ್ಲಿ ಹೊಸದು: ‘ಹೌದು, ಬಿಡುವಾದಾಗ ಬೀಸುತ್ತೇನೆ (ನಗು).’

4
ಪೆನ್ಸಿಲ್ ಹಿಡಿದ ಅಧಿಕಾರಿ ತಿರುಮಲೇಶ. ಅವನನ್ನು ನನ್ನ ಮೊದಲ ಕರಡಿನಲ್ಲಿ ಕಪ್ಪು ಕನ್ನಡಕದ ಖಳನನ್ನಾಗಿ ಮಾಡಿದ್ದೆ. ಅವನು ಕರಡಿನಿಂದ ಎದ್ದುಬಂದು ನನ್ನ ಎದುರು ಕುಳಿತ.

“ಏನ್ ಸ್ವಾಮಿ, ನನ್ನ ಮೇಲೂ ಒಬ್ಬ ಇದಾನೆ, ಅವನ ಕೈಲೂ ಪೆನ್ಸಿಲ್ ಇದೆ. ಅದನ್ನೂ ಬರೀರಿ.”

ಬರೆದಿದ್ದೇನೆ. ಕನ್ನಡಕ ತೆಗೆದಿದ್ದೇನೆ. ಪೆನ್ಸಿಲ್ ಮಾತ್ರ ಅವನ ಕೈಯಲ್ಲೇ ಇದೆ.

5
ಸ್ಟುಡಿಯೋದ ಹೊರಗಿನ ಬೆಂಚಿನ ಮೇಲೆ ಸುಮಿತ್ರಾ ಹೊಸ ಉತ್ತರ ಕಲಿಸಲು ನೋಡಿದಳು. ಸೋಮವ್ವ ಮೂರು ಸಲ ಹೇಳಿದಳು. ಮೂರು ಸಲವೂ ಹಳೆಯದೇ ಬಂತು.

“ಬೀಸೂ ಪದದಾಗ ಒಂದು ಸಾಲು ತೆಗದ್ರ ಮುಂದಿಂದು ಬರಲ್ಲ ಅಕ್ಕಾರ. ಕಲ್ಲು ನಿಂತುಬಿಡ್ತದ. ಮತ್ತ ನಾ ನಗಾದು ಯಾಕರಿ ಅಲ್ಲಿ?”

(ಎರಡನೆಯ ಕರಡಿನಲ್ಲಿ ಸೋಮವ್ವ ಇಲ್ಲಿ ಅಳುವಂತೆ ಮಾಡಿದ್ದೆ. ಅವಳು ನನ್ನನ್ನೂ ಬಿಡಲಿಲ್ಲ: “ನಾ ಯಾವಾಗ ಅತ್ತೀನ್ರಿ? ಕಲ್ಲು ಹುಗದಾರ, ನನ್ನ ಹುಗದಿಲ್ಲ.” ಕಣ್ಣೀರು ಹೊಡೆದುಹಾಕಿದೆ.)

ತಿರುಮಲೇಶ ಬಂದು ದಾರಿ ಹೇಳಿದ. ಆರರಿಂದ ಎಂಟಕ್ಕೆ ಹಾರಿಬಿಡುವುದು. ಏಳನ್ನು ಕೇಳಿದರೆ ಇನ್ನು ಮುಂದೆ ಈ ಮೆಟ್ಟಿಲು ಹತ್ತುವುದು ಬೇಡ ಎಂದೂ ಸೇರಿಸಿದ, ದನಿಯೇರಿಸದೆ.

ಧ್ವನಿಮುದ್ರಣವಾಗಿದ್ದರೆ ಟೇಪಿನಿಂದ ಆ ಸಾಲನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆಯುತ್ತಿದ್ದರು. ಅಂದು ಟೇಪ್ ಯಂತ್ರ ಕೆಟ್ಟಿತ್ತು, ನೇರ ಪ್ರಸಾರ. (ಕೆಡಿಸಿದವನು ನಾನು. ತಪ್ಪೊಪ್ಪಿಗೆ ದಾಖಲಾಗಲಿ.)

6, ಮೊದಲ ಮುಕ್ತಾಯ
ಸುಮಿತ್ರಾ ಏಳನ್ನು ಹಾರಿಸಿದಳು. ಕಾರ್ಯಕ್ರಮ ಸೊಗಸಾಗಿ ಮುಗಿಯಿತು. ವಿ.ಟಿ. ಸ್ಟೇಷನ್ನಿನಿಂದ ಹೊರಟ ಲೋಕಲ್ ರೈಲು ಬೈಕುಲ್ಲಾ ದಾಟುವಾಗ ಸೋಮವ್ವ ಕಿಟಕಿಯಾಚೆ ನೋಡುತ್ತ ಅಂದಳು: “ಒಂದು ಬಿಟ್ರಿ ಅಕ್ಕಾರ.” ಸಯನ್ ಬರುವವರೆಗೆ ಸುಮಿತ್ರಾ ತಲೆಯೆತ್ತಲಿಲ್ಲ.

ಚೆನ್ನಾಗಿಯೇ ಇದೆ. ವಿಷಾದ, ರೈಲು, ಕಿಟಕಿ. ಸಂಪಾದಕರು ಕಣ್ಣು ಮುಚ್ಚಿ ಛಾಪಿಸುತ್ತಾರೆ. ಸುಮಿತ್ರಾ ಒಪ್ಪಲಿಲ್ಲ. ಆರು ವರ್ಷ ಬೇರೆಯವರು ಬರೆದಲ್ಲಿ ನಕ್ಕಿದ್ದೇನೆ, ನೀವು ಬರೆದಲ್ಲಿ ತಲೆತಗ್ಗಿಸುವುದಿಲ್ಲ ಎಂದಳು.

6, ಮತ್ತೆ
ಕೆಂಪು ದೀಪ ಹೊತ್ತಿಕೊಂಡಿತು. (ಬಂದೇ ಬಿಟ್ಟಿತು ನೋಡಿ.) ಆರನೆಯ ಪ್ರಶ್ನೆ ಮುಗಿಯಿತು. ಗಾಜಿನಾಚೆ ತಿರುಮಲೇಶ ಎರಡು ಕೈ ಸೇರಿಸಿ ಎಂಟು ಬೆರಳು ತೋರಿಸಿದ. ಸುಮಿತ್ರಾ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದಳು.

“ಮುಂಬಯಿಯಲ್ಲಿ ಈಗಲೂ ಬೀಸುತ್ತೀರಾ, ಸೋಮವ್ವ?”

ಎರಡನೆಯ ಮುಕ್ತಾಯವನ್ನು ಓದುಗರಲ್ಲಿ ಯಾರಾದರೂ ಈಗ ಸೂಚಿಸಬಹುದು: ದನಿ ಅಡಗಿಸಿ ವೀಣೆಯ ರೆಕಾರ್ಡು ಹಾಕಿದರು ಎಂದು. ಲೆಕ್ಕ ಹಾಕಿದ್ದೇನೆ. ಸೋಮವ್ವನ ಉತ್ತರವನ್ನು ಗಡಿಯಾರ ಇಟ್ಟುಕೊಂಡು ಮೂರು ಸಲ ಗಟ್ಟಿಯಾಗಿ ಓದಿದೆ; ಒಂಬತ್ತು ಸೆಕೆಂಡು. ತಿರುಮಲೇಶ ಬೆಚ್ಚಿ ತಿರುಗಿ, ಪಕ್ಕದಲ್ಲಿದ್ದ ಎಂಜಿನಿಯರನ ಭುಜ ಅಲುಗಿಸಿ, ಅವನು ‘ಏನ್ ಸಾರ್’ ಎಂದು ಕೇಳಿ ದನಿ ಅಡಗಿಸುವ ಗುಂಡಿಯತ್ತ ಕೈ ಚಾಚುವಷ್ಟರಲ್ಲಿ ಹನ್ನೆರಡು. ಮಂಗಳವಾರ, ಕುರ್ಲಾ, ಜೋಪಡಿ, ಕಲ್ಲು, ಎಲ್ಲವೂ ಗಾಳಿಗೆ ಹೋಗಿಯಾಗಿತ್ತು. ಬ್ಲೇಡಿಗೆ ಸಿಗದಷ್ಟು ದೂರ.

ಉಳಿದದ್ದು ಮೂರು ಸೆಕೆಂಡು. ಅವು ಯಾವ ಪ್ರತಿಯಲ್ಲೂ ಇರಲಿಲ್ಲ. ಸೋಮವ್ವ ಮೈಕಿನತ್ತ ಇನ್ನಷ್ಟು ಬಾಗಿ ಕೇಳಿದಳು:

“ನಿಮ್ಮ ಮನ್ಯಾಗ ಕಲ್ಲು ಅದ ಏನ್ರಿ ಅಕ್ಕಾರ?”

7
ಆರು ವರ್ಷದಲ್ಲಿ ಆ ಸ್ಟುಡಿಯೋದಲ್ಲಿ ನಡೆದ ಮೊದಲ ಸಂವಾದ ಇದು. ಸುಮಿತ್ರಾ ಬಾಯಿ ತೆರೆದಿದ್ದಾಳೆ. ಎಂಜಿನಿಯರನ ಕೈ ಗುಂಡಿಯ ಹತ್ತಿರವಿದೆ. ನಾಳೆ ಅವಳಿಗೆ ಕರೆ ಬರುವುದಿಲ್ಲ, ಅದು ಅವಳಿಗೂ ಗೊತ್ತು.

ಏನು ಹೇಳಿದಳು ಎಂದು ನನ್ನನ್ನು ಕೇಳಬೇಡಿ. ಆ ಉತ್ತರವನ್ನು ನಾನು ಮೊದಲೇ ಬರೆದುಕೊಡುವುದಿಲ್ಲ.