ಬಾವಿಯ ಗುರುತಿಗೆ ನೆಟ್ಟ ಗಳ

ಕತ್ತರಿಯ ಅಲಗಿಗೆ ಬಿಸಿಲು ಬಡಿದು ಕಣ್ಣಿಗೆ ಚುಚ್ಚಿತು, ಅಂಜನಾಬಾಯಿ ಮುಖ ಓರೆ ಮಾಡಿದಳು, ತೊಡೆಗಳ ನಡುವೆ ಅಂಗಾತ ಬಿದ್ದ ಕುರಿ ಒಮ್ಮೆ ಕಾಲು ಝಾಡಿಸಿ ಸುಮ್ಮನಾಯಿತು — ವೈಶಾಖದಲ್ಲಿ ಉಣ್ಣೆ ಹೊತ್ತು ತಿರುಗುವುದೆಂದರೆ ಅದಕ್ಕೂ ಹಿಂಸೆಯೇ, ನಿನ್ನೆ ಹಿನ್ನೀರಿನಲ್ಲಿ ತೊಳೆದ ಮಂದೆ ಒಣಗಿ ಬೆಳ್ಳಗಾಗಿ ಸರದಿಗೆ ನಿಂತಿದೆ, ಕಚಕ್ ಕಚಕ್, ಹೊಟ್ಟೆಯಿಂದ ಹಿಡಿದು ಬೆನ್ನಿನ ಕಡೆಗೆ, ಚರ್ಮ ಎಳೆದು ಹಿಡಿಯದಿದ್ದರೆ ಅಲಗು ಮಾಂಸಕ್ಕೆ ಹೋಗುತ್ತದೆ, ದಂಡೆಯ ಮೇಲೆ ಖಾಜಾ ಮಿಯಾ ಆಗಲೇ ಭಜಿಯ ಗಾಡಿ ಹಚ್ಚಿದ್ದಾನೆ, ಎಣ್ಣೆ ಕಾದ ವಾಸನೆ, ಏನ್ ಬಹೆನ್, ಕುರಿಗಿ ಇಷ್ಟ್ ಚಂದ ಕಟಿಂಗ್ ಮಾಡ್ತಿ, ನನಗೂ ಒಮ್ಮೆ ಮಾಡು ಅನ್ನುತ್ತಾನೆ, ನಿಮ್ಮ ತಲಿಮ್ಯಾಗ ಕತ್ತರಸಲಿಕ್ಕ ಏನ್ ಉಳದದ ಖಾಜಾ ಭಾಯಿ ಅನ್ನುತ್ತಾಳೆ, ಬೋಳುತಲೆ ಸವರಿಕೊಂಡು ನಗುತ್ತಾನೆ, ಭಾನುವಾರ ಅವನಿಗೆ ಖುಷಿ. ಭಾನುವಾರ ಬರುತ್ತಾರೆ, ಬೀದರಿನವರು, ಭಾಲ್ಕಿಯವರು, ಮುಂಜಾನೆ ಹೊರಟು ಸಂಜೆಗೆ ಮನೆ ಸೇರುವವರು, ಅವರಿಗೆ ಇದೇ ಸಮುದ್ರ, ಕಾರಂಜಾ ಡ್ಯಾಮಿನ ನೀರು ಹೊಲಗಳ ನಡುವೆ ಕೊಲ್ಲಿಯ ಹಾಗೆ ಒಳಗೆ ಚಾಚಿಕೊಂಡ ಈ ಮಗ್ಗುಲು, ಹೆಂಗಸರು ಸೀರೆ ಎತ್ತಿ ಹಿಡಿದು ಪಾದ ತೋಯಿಸಿಕೊಳ್ಳುತ್ತಾರೆ, ಬುತ್ತಿ ಬಿಚ್ಚುತ್ತಾರೆ, ಅವರ ಮೇಲೆ ಅವಳಿಗೆ ಸಿಟ್ಟಿಲ್ಲ, ಒಬ್ಬಾಕೆ ಒಮ್ಮೆ ಕರೆದು ಜೋಳದ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಿದ್ದಳು, ಸಿಟ್ಟು ಬಾಟಲಿ ಒಡೆಯುವವರ ಮೇಲೆ, ಗಾಜು ಹೊಕ್ಕ ಗೊರಸು ಕೀವಾಗಿ ಕುರಿ ಮೊಣಕಾಲೂರಿ ಮೇಯುವುದನ್ನು ಅವರು ನೋಡುವುದಿಲ್ಲ, ಅಷ್ಟರಲ್ಲಿ ಅವರು ಊರು ಸೇರಿರುತ್ತಾರೆ. ಸರ್ ಸರ್ ಎಂದು ಕಲ್ಲಿನ ಮೇಲೆ ಇನ್ನೊಂದು ಕತ್ತರಿ ಮಸೆಯುತ್ತಿದ್ದಾನೆ ಹಣಮಂತಪ್ಪ, ಅವಳ ಗಂಡ, ಅವನ ಕಡೆಯಿಂದ ಬರುವ ಸದ್ದು ಈಗ ಇಷ್ಟೇ, ಮಾತು ಹೋಯಿತು, ಹೋದ ಬೇಸಿಗೆಯಲ್ಲಿ, ಇದೇ ದಂಡೆಯಲ್ಲಿ.

ಕಾರು ಹಿಂದಕ್ಕೆ ಬಂದಿತ್ತು, ಗಾಲಿಯ ಕೆಳಗೆ ಮರಿ, ಒಂದೇ ಸಲ ಕೂಗಿತು, ಹಣಮಂತಪ್ಪ ಕೇಳಿದ್ದು ಇಷ್ಟೇ, ಸ್ವಲ್ಪ ನೋಡ್ಕೊಂಡ್ ಹೊಡಿಬಾರ್ದೇನ್ರಿ ಸಾಹೇಬ್ರ — ಇಳಿದವನು ಎಡಗೈಯಿಂದ ಕೊರಳು ಹಿಡಿದ, ಐದೂ ಬೆರಳು ಗಂಟಲಿನಲ್ಲಿ ಹೂತುಹೋದವು, ಬಲಗೈಯಲ್ಲಿ ಗಾಲಿ ಬಿಚ್ಚುವ ಕಬ್ಬಿಣ, ದವಡೆಗೆ ಬಿದ್ದಾಗ ಒಣ ಜೋಳದ ದಂಟು ತುಳಿದ ಸದ್ದು, ಮತ್ತೆ ಅದೇ ಸದ್ದು, ಇವಳು ಕಾಲು ಹಿಡಿದಳು, ಸಾಹೇಬ್ರ ಬಿಡ್ರಿ, ಮರಿ ಹೋದ್ರ ಹೋಗ್ಲಿ, ನಮ್ದೇ ತಪ್ಪದ ಬಿಡ್ರಿ, ಒದ್ದ ಬೂಟು ಎದೆಗೆ ತಾಗಿತು, ಆದರೂ ಕಣ್ಣು ಆ ಎಡಗೈಯ ಮೇಲೇ, ಬೆರಳು ಬಿಡುತ್ತಲೇ ಇಲ್ಲ, ಬಿಡುತ್ತಲೇ ಇಲ್ಲ. ಬೀದರಿನಲ್ಲಿ ತಂತಿ ಹಾಕಿ ದವಡೆ ಕಟ್ಟಿದರು, ಎಲುಬು ಸೊಟ್ಟಗೆ ಕೂಡಿತು, ಈಗ ಅಂಬಲಿ ಕುಡಿಯುತ್ತಾನೆ, ಅರ್ಧ ಎದೆಯ ಮೇಲೆ ಸುರಿಯುತ್ತದೆ, ಸೆರಗಿನಿಂದ ಒರೆಸುತ್ತಾಳೆ, ಬಾಯಿ ತೆರೆದರೆ ಆ, ವಾ, ಅಷ್ಟೇ. ಛೋಡೋ ಬಹೆನ್, ಬಡೇ ಲೋಗಾಂ, ದೊಡ್ಡ ಮಂದಿ, ನಾಳಿ ನಿನ್ನ ಕುರಿ ಈ ನೀರಿಗಿ ಬರಬೇಕೋ ಬ್ಯಾಡೋ ಎಂದಿದ್ದ ಖಾಜಾ ಮಿಯಾ, ಹಣಮಂತಪ್ಪನೂ ಕಂಬಳಿಗೆ ರಕ್ತ ಉಗುಳುತ್ತ ಕೈ ಆಡಿಸಿದ್ದ, ಪೊಲೀಸರ ಕಡೆ ಹೋಗುವುದು ಬೇಡ, ಅವಳು ಯಾರಿಗೂ ಏನೂ ಹೇಳಲಿಲ್ಲ, ಎಕಂಬಾ ಊರಿಗೆ ಮಂದೆ ತಿರುಗಿಸಿಕೊಂಡು ಹೋಗುವ ದಾರಿಯುದ್ದಕ್ಕೂ ಒಂದೇ ನೆನೆಸಿದಳು, ಈ ಋಣ ಹಾಗೇ ಇರಲಿ, ಇರಲಿ, ತೀರುವ ದಿನ ಬರಲಿ.

ಏ ಆಯಿ, ಕುರಿ ಆ ಕಡಿ ಹೊಡ್ಕೋ, ಗಾಡಿ ನಿಂದರ್ಸಬೇಕಾಗ್ಯದ, ಥೂ ಏನ್ ವಾಸನಿ — ಇವತ್ತಿನ ಈ ಕೂಗಿಗೆ ತಲೆ ಎತ್ತಿದಳು, ಕಾರಿನ ಎಡ ಕಿಟಕಿಯಿಂದ ಹೊರಗೆ ಇಳಿಬಿದ್ದ ಎಡಗೈ, ಬೆರಳು ಬಾಗಿಲ ತಗಡಿನ ಮೇಲೆ ಹಾಡಿಗೆ ತಾಳ ಹಾಕುತ್ತಿವೆ, ಮುಖ ಮರೆಯಬಹುದು, ಕೈ ಮರೆಯುತ್ತದೆಯೇ, ಅವನು ಇವಳ ಮುಖವನ್ನೇ ನೋಡುತ್ತಿದ್ದಾನೆ, ನೆನಪಿಲ್ಲ ಅವನಿಗೆ, ನಿನ್ನೆ ತಿಂದ ಊಟ ನೆನಪಿರುವಷ್ಟೂ ನೆನಪಿಲ್ಲ, ಸತೀಶ್ಯಾ, ಲಗು ಬಾರೋ ಎಂದು ಮೊದಲೇ ನೀರಿಗಿಳಿದ ಗೆಳೆಯರು ಕೂಗಿದರು, ಹೆಸರು ಸತೀಶ, ಈಗ ಗೊತ್ತಾಯಿತು. ಹಣಮಂತಪ್ಪನ ಮಸೆಯುವ ಸದ್ದು ನಿಂತಿತು. ಅವನಿಗೂ ಗುರುತು ಸಿಕ್ಕಿದೆ, ಆದರೆ ಅವನು ನೋಡುತ್ತಿರುವುದು ಆ ಮನುಷ್ಯನನ್ನಲ್ಲ, ನೀರಿನಲ್ಲಿ ನೆಟ್ಟ ಬಿದಿರು ಗಳವನ್ನು, ನೀರೊಳಗೆ ಇಳಿದ ಹುಡುಗರು ಗಳ ಕೀಳುತ್ತಿದ್ದಾರೆ, ಮೀನು ಹಿಡಿಯುವವರದಿರಬೇಕು ಅಂದುಕೊಂಡರೇನೋ, ತುದಿಗೆ ಕಟ್ಟಿದ ಕರಿ ಕಂಬಳಿಯ ಚೂರು ಬಿಚ್ಚಿ ಒಬ್ಬ ಇನ್ನೊಬ್ಬನ ತಲೆಗೆ ಸುತ್ತುತ್ತಾನೆ, ಅಂಗಿ ಒಣಹಾಕಲು ಚಲೋ ಆಯ್ತು ಅನ್ನುತ್ತಾನೆ. ಮುಳುಗಿದ ಹಳೇ ಊರಿನ ಬಾವಿ ಅದರ ಕೆಳಗೆ, ಸುತ್ತ ಮೊಣಕಾಲುದ್ದ ನೀರು, ನಡುವೆ ತಳವಿಲ್ಲದ ಬಾಯಿ, ಬೇಸಿಗೆಗೆ ಯಾವ ಮಂದೆ ಮೊದಲು ಬರುತ್ತದೋ ಅದರ ಯಜಮಾನ ಗಳ ನೆಡಬೇಕು, ಮಳೆ ಬರುವ ತನಕ ಅಲ್ಲಿ ಬಿದ್ದ ಜೀವ, ಕುರಿಯಾಗಲಿ ನಾಯಿಯಾಗಲಿ ಮನುಷ್ಯನಾಗಲಿ, ಅದರ ಹೊಣೆ ನೆಟ್ಟವನ ಕೊರಳಿಗೆ, ಇದು ಹಿಂದಿನಿಂದ ನಡೆದು ಬಂದದ್ದು, ಈ ವರ್ಷ ನೆಟ್ಟವನು ಹಣಮಂತಪ್ಪ. ಎದ್ದ, ಎರಡೂ ಕೈ ಬೀಸಿದ, ಆ — ವಾ — ವಾ — ಈ ಮುದುಕ ರಾಗ ತಗಿಲತ್ತಾನ ನೋಡೋ, ಮೊಬೈಲದಾಗ ಹಿಡಿ ಎಂದ ಒಬ್ಬ, ಸತೀಶ ಬಾಯಿ ಸೊಟ್ಟ ಮಾಡಿ ಹಾಗೇ ಕೂಗಿದ, ಆ, ವಾ, ನಕ್ಕರು, ಕಾರಿನ ಹಾಡು ದೊಡ್ಡದು, ಖಾಜಾ ಮಿಯಾನ ಸ್ಟೋವು ಭೋರ್ಗರೆಯುತ್ತಿದೆ, ಅವನು ಬಾಣಲೆಯಿಂದ ತಲೆ ಎತ್ತಿಲ್ಲ. ಅವಳಿಗೆ ಧ್ವನಿ ಇದೆ. ತೋಳ ಬಂದರೆ ಆಚೆ ದಿಬ್ಬದವರೆಗೆ ಕೇಳುವ ಧ್ವನಿ. ಕಚಕ್ ಕಚಕ್, ಕೈ ತನ್ನ ಪಾಡಿಗೆ ಉಣ್ಣೆ ಕತ್ತರಿಸುತ್ತಿದೆ, ನೀರಿಗಿಳಿದ ಸತೀಶ ಮೊಬೈಲು ಎತ್ತಿ ಹಿಡಿದು ಬಾವಿಯ ಕಡೆಗೆ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಾನೆ, ಗೆಳೆಯರೆಲ್ಲ ಫೋಟೋದಲ್ಲಿ ಬರಬೇಕು, ಹಿಂದೆ, ಇನ್ನೂ ಹಿಂದೆ, ಒಂದು ಮಾತು ಸಾಕು, ಬಾವಿ, ಅಷ್ಟೇ, ನಾಲಗೆ ಅಂಗುಳಕ್ಕೆ ಅಂಟಿದೆ, ಇಲ್ಲ, ಅಂಟಿಲ್ಲ, ಸುಳ್ಳು, ಅವಳೇ ಹಿಡಿದಿದ್ದಾಳೆ, ಹಲ್ಲು ಕಚ್ಚಿ ಹಿಡಿದಿದ್ದಾಳೆ, ಕುರಿ ಒದ್ದಿತು, ಅಲಗು ಚರ್ಮಕ್ಕೆ ಹೋಯಿತು, ಬಿಳಿ ಉಣ್ಣೆಯ ಮೇಲೆ ರಕ್ತ, ತಲೆ ಎತ್ತಿದರೆ ಸತೀಶ ನಿಂತಲ್ಲಿ ಯಾರೂ ಇಲ್ಲ, ನೀರು ಮಾತ್ರ, ಗುಳ್ಳೆ.

ಹಣಮಂತಪ್ಪ ಓಡುತ್ತಿದ್ದಾನೆ, ದೇವರೇ, ಅವನು ಓಡುತ್ತಾನೆಂದು ಅವಳು ಯಾಕೆ ಎಣಿಸಲಿಲ್ಲ, ಗಳ ನೆಟ್ಟವನಲ್ಲವೇ ಅವನು, ಹುಡುಗನ ಕೈಯಿಂದ ಗಳ ಕಸಿದುಕೊಂಡ, ಬಾವಿಗೆ ಚಾಚಿದ, ಮೇಲೆ ಬಂದ ಎಡಗೈ ಗಳ ಹಿಡಿಯಿತು, ಜಾರಿತು, ರಟ್ಟೆ ಹಿಡಿಯಿತು, ಕೊರಳು ಹಿಡಿಯಿತು, ಇಬ್ಬರೂ ಒಳಗೆ, ಕುರಿ ಎಲ್ಲಿ ಬಿತ್ತೋ, ಅವಳು ನೀರಿನಲ್ಲಿದ್ದಾಳೆ, ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿದೆ, ಈಗ ಕೂಗುತ್ತಿದ್ದಾಳೆ, ಬಾವಿ ಅದ, ಬಾವಿ ಅದ, ಹುಡುಗರು ದಂಡೆಗೆ ಓಡುತ್ತಿದ್ದಾರೆ, ಒಬ್ಬನೂ ಈ ಕಡೆ ಬರುತ್ತಿಲ್ಲ, ಬಾವಿಯ ಅಂಚಿನ ಕಲ್ಲಿಗೆ ಹೊಟ್ಟೆ ಊರಿ ಕೈ ಇಳಿಬಿಟ್ಟಳು, ಕೂದಲು ಸಿಕ್ಕಿತು, ನರೆಗೂದಲು, ಗಂಡನದೇ, ಎಳೆದಳು, ಮುಖ ಮೇಲೆ ಬಂತು, ನೀಲಿ, ಸೊಟ್ಟ ಬಾಯಿ ತುಂಬ ನೀರು, ಕೊರಳಲ್ಲಿ ಆ ಬೆರಳು, ಅದೇ ಹಿಡಿತ, ಬಿಡು, ಬಿಡೋ, ನಿನ್ನನ್ನೂ ಎಳಿತೇನಿ ಬಿಡು, ಬಿಡುತ್ತಲೇ ಇಲ್ಲ, ಬಿಡುತ್ತಲೇ ಇಲ್ಲ, ಬಲಗೈಯಲ್ಲಿ ಕತ್ತರಿ ಇದೆಯೆಂದು ಆಗ ಗೊತ್ತಾಯಿತು, ಆ ಕೈಯ ಮಣಿಕಟ್ಟಿಗೆ ಚುಚ್ಚಿದಳು, ಎಲುಬಿಗೆ ತಾಗಿತು, ಮತ್ತೆ ಚುಚ್ಚಿದಳು, ಇದು ಬಿಡಿಸಲಿಕ್ಕೆ, ಇದು ಮುರಿದ ದವಡೆಗೆ, ಇದು — ಯಾವುದು ಯಾವುದಕ್ಕೆ, ಹಸಿರು ನೀರು ಕೆಂಪಾಯಿತು.

ಖಾಜಾ ಮಿಯಾ ನೀರು ತಳ್ಳಿಕೊಂಡು ಬಂದು ಹಗ್ಗ ಎಸೆದಿದ್ದಾನೆ, ಪಕಡೋ ಬೇಟಾ, ಪಕಡೋ ಎಂದು ಬಾವಿಯ ಬಾಯಿಗೆ ಕೂಗುತ್ತಿದ್ದಾನೆ, ಹಗ್ಗದ ತುದಿ ಸುಮ್ಮನೆ ತೇಲುತ್ತಿದೆ, ಅವಳು ಎಳೆದು ತಂದ ಹಣಮಂತಪ್ಪ ದಂಡೆಯ ಕೆಸರಿನಲ್ಲಿ ಮಗುಚಿ ಬಿದ್ದು ನೀರು ಕಾರುತ್ತಿದ್ದಾನೆ, ಬದುಕಿದ್ದಾನೆ, ಬೆರಳೆತ್ತಿ ಬಾವಿ ತೋರಿಸುತ್ತಿದ್ದಾನೆ, ಆ, ಆ, ಅಂದರೆ ಅವನನ್ನು ತೆಗಿ, ಅವಳಿಗೆ ತಿಳಿಯುತ್ತದೆ, ಅವನ ಪ್ರತಿ ಸದ್ದೂ ತಿಳಿಯುತ್ತದೆ, ತಿಳಿಯದವಳ ಹಾಗೆ ದಂಡೆಯ ಕಲ್ಲಿನ ಮೇಲೆ ಕೂತಿದ್ದಾಳೆ, ಬಹೆನ್, ಕತ್ತರಿ ಕೆಳಗ ಇಡು ಅನ್ನುತ್ತಾನೆ ಖಾಜಾ ಮಿಯಾ, ಇಡಬೇಕು, ಕೈ ತೆರೆಯುತ್ತಿಲ್ಲ, ಋಣ ತೀರಿತೇ, ತೀರಿದರೆ ಎದೆ ಹಗುರಾಗಬೇಕಿತ್ತಲ್ಲ, ಒಂದು ಮಾತು ಕೂಗಿದ್ದರೆ, ಒಂದೇ ಮಾತು, ನೀರೊಳಗೆ ಸತೀಶನ ಆ ಕೈ ಹಿಡಿತ ಬಿಟ್ಟಿತ್ತು, ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಏನೋ ಕೇಳುವವರ ಹಾಗೆ ಅಂಗೈ ಮೇಲೆ ಮಾಡಿ, ಕೆಳಗೆ ಕೆಳಗೆ, ಬೆರಳು ಬಿಚ್ಚಿಕೊಳ್ಳುತ್ತ, ಬೆರಳು ಬಿಚ್ಚಿಕೊಳ್ಳುತ್ತ, ಬೆರಳು