ಹೆಸರು ಹೇಳದೆ ಹೊಸ್ತಿಲು ದಾಟಂಗಿಲ್ಲ

"ಗಂಡನ ಹೆಸರು ಹೇಳೋ ತನಕ ಹೊಸ್ತಿಲು ದಾಟಂಗಿಲ್ಲ. ಅದೂ ಬರೇ ಹೆಸರಲ್ಲ, ಒಡಪು ಕಟ್ಟಿ ಹೇಳ್ಬೇಕು," ಅಂತ ಗುಡ್ಡಮ್ಮ ಬಾಗಿಲಿಗೆ ಅಡ್ಡ ಕಾಲು ಚಾಚಿ ಕೂತೇಬಿಟ್ಟರು.

ಗುಡ್ಡಮ್ಮ ಮದುಮಗ ಶರತನ ದೊಡ್ಡಮ್ಮ. ಆನವಟ್ಟಿಯ ಆ ಮನೆಯಲ್ಲಿ ಅವರ ಕಾಲು ದಾಟಿ ಒಳಗೆ ಹೋದ ಸೊಸೆ ಇನ್ನೂ ಹುಟ್ಟಿಲ್ಲ. ಶಿಕಾರಿಪುರದಲ್ಲಿ ತಾಳಿ ಕಟ್ಟಿಸಿಕೊಂಡು ನೇರ ಬಂದಿದ್ದ ಸುಷ್ಮಿತಾ, ಅಕ್ಕಿ ತುಂಬಿದ ಸೇರಿನ ಮುಂದೆ ನಿಂತು ಒಡಪಿಗೆ ಪ್ರಾಸ ತಡಕಾಡುತ್ತಿದ್ದಾಗ, ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಗುಂಯ್‌ಗುಟ್ಟಿತು. ದೆಹಲಿ ಆಫೀಸಿನ ರಾಜಕುಮಾರ್ ಸರ್. ಮದುವೆ ದಿನವೂ ಬಿಡದ ಪುಣ್ಯಾತ್ಮ.

ಸುಷ್ಮಿತಾಳ ಕೆಲಸವೇ ಒಂಥರಾ. ಯಾವುದೋ ದೇಶದ ಸೈನ್ಯ ಊರು ಸುಟ್ಟರೆ, ಜನರನ್ನು ಹೊತ್ತೊಯ್ದರೆ, ಇವಳು ದೆಹಲಿಯ ರಾಯಭಾರ ಕಚೇರಿಗಳ ಮೆಟ್ಟಿಲು ಹತ್ತಿ, ಅವರು ಕೊಟ್ಟ ಬಿಸ್ಕತ್ತು ತಿಂದು, 'ವಿಚಾರಣೆ ಆಗಲಿ' ಅನ್ನೋ ಹೇಳಿಕೆಗೆ ಸಹಿ ಹಾಕಿಸಬೇಕು. ಈ ಸಲದ ಹೇಳಿಕೆಯಲ್ಲಿ ಅಂಥದೊಂದು ಸೈನ್ಯದ ಹನ್ನೊಂದನೇ ದಳದ ಹೆಸರಿತ್ತು. ಆ ದಳದವರು ತನ್ನ ಮಗನನ್ನು ಎಳೆದೊಯ್ದದ್ದನ್ನು ಕಣ್ಣಾರೆ ಕಂಡ ತಾಯಿಯೊಬ್ಬಳು ದೆಹಲಿಗೆ ಓಡಿಬಂದು ಸಾಕ್ಷಿ ಹೇಳಿದ್ದಳು. ಹೆಸರು ಬರೆಯದಿದ್ದರೆ ನನ್ನ ಮಗನನ್ನು ಗಾಳಿ ಹೊತ್ತುಕೊಂಡು ಹೋಯಿತಾ ಅಂತ ಕೇಳಿದ್ದಳು. ಬರೆಯುತ್ತೇನೆಂದು ಸುಷ್ಮಿತಾ ಅವಳ ಕೈಹಿಡಿದು ಮಾತು ಕೊಟ್ಟಿದ್ದಳು.

ಈಗ ಸರ್ ಫೋನಲ್ಲಿ ಹೇಳೋದು ಬೇರೆ. ಹೆಸರು ತೆಗೆದು 'ಕೆಲವು ಸಶಸ್ತ್ರ ಗುಂಪುಗಳು' ಅಂತ ಹಾಕಿದರೆ ಎಲ್ಲರೂ ಸಹಿ ಮಾಡ್ತಾರಂತೆ. ಹೆಸರಿಟ್ಟರೆ ಎಲ್ಲಕ್ಕಿಂತ ದೊಡ್ಡ ದೇಶವೇ ಜಾರಿಕೊಳ್ಳುತ್ತದಂತೆ. ಆ ದಳಕ್ಕೆ ಬಂದೂಕು ಮಾರಿದವರಲ್ಲವೇ, ಹೆಸರು ಹೇಳೋಕೆ ನಾಚಿಕೆ. ಕರಡು ಕಳಿಸಬೇಕಾದವಳು ಸುಷ್ಮಿತಾ; ಅದೂ ಈಗಲೇ.

ಆರತಿ ತಟ್ಟೆ ಹಿಡಿದ ಹೆಂಗಸರು ಏನಂತೆ, ಏನಂತೆ ಅಂದರು. ಇದ್ದದ್ದನ್ನು ಹೇಳಿದಳು. ಇವತ್ತೊಂದು ದಿನ ಹೂಂ ಅಂದುಬಿಡು ಮಾರಾಯ್ತಿ, ಕಾಲು ನೋಯ್ತಿದೆ ಅಂತ ಶರತ್ ಪಿಸುಗುಟ್ಟಿದ.

ಗುಡ್ಡಮ್ಮ ಎಲೆಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ದಾಟಿಸಿದರು. "ಮದ್ವೆ ಆದಾಗಿಂದ ನಾನು ಹೆಸರೆತ್ತದೆ ನಮ್ಮನೆಯವರು, ನಮ್ಮನೆಯವರು ಅಂತಾನೇ ಬಂದೀನಿ. ಅದು ಗಂಡಂಗೆ ಕೊಡೋ ಮರ್ಯಾದೆ. ಆ ಮನೆಹಾಳ ಸಿಪಾಯಿಗಳು ಈ ಸಹಿ ಹಾಕೋರಿಗೆಲ್ಲ ಏನು, ತಾಳಿ ಕಟ್ಟಿದಾರಾ?"

ಒಳಗೆ ಕಾಫಿ ಕುಡಿಯುತ್ತಿದ್ದ 'ನಮ್ಮನೆಯವರು', ಅಂದರೆ ಮಲ್ಲೇಶಪ್ಪನವರು, ಸಣ್ಣಗೆ ಕೆಮ್ಮಿದರು.

ಸುಷ್ಮಿತಾ ಫೋನು ಮತ್ತೆ ಕಿವಿಗಿಟ್ಟಳು. "ಸರ್, ಹನ್ನೊಂದನೇ ದಳ ಅಂತಾನೇ ಇರುತ್ತೆ. ಜಾರಿಕೊಳ್ಳೋರು ಜಾರಿಕೊಳ್ಳಲಿ."

ಆ ಕಡೆಯಿಂದ ಬಂದ ನಿಟ್ಟುಸಿರಿಗೆ ಈ ಕಡೆ ಆರತಿ ದೀಪ ಆರಬೇಕಿತ್ತು. ಅವಳು ನಿಂತಲ್ಲೇ ಕರಡು ಕಳಿಸಿಯೂಬಿಟ್ಟಳು.

"ಈಗ ಇವಂದು," ಅಂದರು ಗುಡ್ಡಮ್ಮ, ಶರತನ ಕಡೆ ಗದ್ದ ಎತ್ತಿ.

"ಶರತ್."

"ಒಡಪು ಎಲ್ಲೇ?"

"ಸುತ್ತುಬಳಸಿ ಹೆಸರು ಹೇಳೋದು ಸಾಕಾಗಿದೆ, ದೊಡ್ಡತ್ತೆ."

ಗುಡ್ಡಮ್ಮ ಅವಳನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಕಾಲು ಮಡಚಿಕೊಂಡರು. ಸೊಂಟದಲ್ಲಿ ಫೋನು ಮತ್ತೆ ಗುಂಯ್‌ಗುಟ್ಟುತ್ತಿರುವಾಗಲೇ ಸುಷ್ಮಿತಾ ಸೇರನ್ನು ಒದ್ದಳು. ಒದ್ದ ರಭಸಕ್ಕೆ ಅಕ್ಕಿ ಹಾರಿ, ಅದರಲ್ಲಿ ಅರ್ಧದಷ್ಟು ಒಳಗಿದ್ದ ಮಲ್ಲೇಶಪ್ಪನವರ ಕಾಫಿ ಲೋಟಕ್ಕೆ ಬಿತ್ತು.