ಐದು ಮೊಳದ ಹಾದಿ

ಗಾಡಿಯ ಹಿಂಬಾಗಿಲು ಮುಚ್ಚಲಿಲ್ಲ. ಸಿದಿಗೆಯ ಬಿದಿರು ಒಂದು ಗೇಣು ಹೊರಗೆ ಉಳಿದಿತ್ತು. ದೇಸೂರಿನ ಬಾಳೇಶ ಹೆಗಲ ಮೇಲಿನ ಕೆಂಪು ಟವೆಲ್ಲು ತೆಗೆದು ಬಾಗಿಲನ್ನು ಬಿದಿರಿಗೇ ಬಿಗಿದು ಕಟ್ಟಿದ.

"ಸಾವಕಾಶ ಹೊಡಿಯಪಾ," ಎಂದು ಡ್ರೈವರನಿಗೆ ಹೇಳಿ ಮುಂದಿನ ಬಾಗಿಲಿನಿಂದ ತಾನೂ ಹತ್ತಿದ.

ಒಳಗೆ ಕರೆಪ್ಪ ಮಲಗಿದ್ದರು. ಎಪ್ಪತ್ತು ವರ್ಷ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ ಬೆಳಗಾವಿ ಕೋರ್ಟಿನಲ್ಲಿ ವಕೀಲರಾದವರು. ಆಮೇಲೆ ದಿಲ್ಲಿಯ ಪರೀಕ್ಷೆ ಪಾಸಾಗಿ, ಮೂವತ್ತು ವರ್ಷ ದೇಶದೇಶಗಳ ರಾಯಭಾರ ಕಚೇರಿಗಳಲ್ಲಿ ದುಡಿದರು. ಕಡೆಯ ಮೂರು ವರ್ಷ ತಾವೇ ರಾಯಭಾರಿ. ಆಗ ಅವರ ಕಾರಿನ ಮೂತಿಗೆ ಧ್ವಜ ಹಾರುತ್ತಿತ್ತು. ನಿನ್ನೆ ಸಂಜೆ ಬೆಳಗಾವಿ ಹತ್ತಿರ ಹಿಂಡಲಗಾದ ಮನೆಯಲ್ಲಿ ಚಹಾದ ಕಪ್ಪು ಕೆಳಗಿಟ್ಟು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಈಗ ತಲೆಯ ಹತ್ತಿರ ತಂಗಿ ಮಾಯಕ್ಕ, ಕಾಲ ಹತ್ತಿರ ಮಗಳು ಪೂನಮ.

"ಅತ್ತಿ, ಇನ್ನೊಮ್ಮೆ ವಿಚಾರ ಮಾಡು," ಎಂದಳು ಪೂನಮ. "ಬೆಳಗಾವ್ಯಾಗ ಮಣ್ಣು ಮಾಡಾಕ ಎಲ್ಲಾ ಸೋಯಿ ಐತಿ. ಊರಾಗ ಹಾದಿನ ಇಲ್ಲಂದ್ರ ಅಪ್ಪಾನ್ನ ಹೊತಗೊಂಡು ಬದುವಿನ ಮ್ಯಾಲೆ ನಿಲ್ಲೂದೇನು?"

"ಹಾದಿ ಐತಿ."

"ಇಸ್ಮಾಯಿಲ ಕಾಕಾ ಇರೂ ತನಕ ಅವರ ಹೊಲದಾಗ ಇತ್ತು. ಈ ವರ್ಷ ಅವರ ಮಗ ಉಜೈರ ಹಾದಿ ಮ್ಯಾಲೂ ಭತ್ತ ಹಚ್ಯಾನಂತ ನೀನ ಹೇಳಿದಿ."

ಮಾಯಕ್ಕ ಅಣ್ಣನ ಹಣೆಯ ಭಂಡಾರದ ಅರಿಸಿನವನ್ನು ಸರಿಮಾಡಿದಳು.

"ಅವ್ವನ ಬಾಜೂಕ ಮಲಗತೇನಂತ ನನಗ ಹೇಳ್ಯಾನ. ಜಗತ್ತೆಲ್ಲಾ ದಾಟಿ ಬಂದಾವ ಐದು ಮೊಳಕ್ಕ ನಿಂತಾನೇನು?"

ಹಾಗೆ ಅಂದಳು, ಆದರೆ ಅವಳ ಕೈ ಬಿದಿರನ್ನು ಬಿಡಲಿಲ್ಲ.

*

ಆ ಹಾದಿಯ ಜಗಳ ಹುಟ್ಟಿದಾಗ ಕರೆಪ್ಪನಿಗೆ ಇಪ್ಪತ್ತಾರು. ಖಾನಾಪುರದಾಚೆಯ ಅವರ ಊರಿನಲ್ಲಿ, ಕುರುಬರು ಮಣ್ಣು ಮಾಡುವ ಜಾಗ ಇದ್ದದ್ದು ಇಸ್ಮಾಯಿಲನ ಹೊಲದ ಆ ಕಡೆಗೆ. ಅಜ್ಜ ಮುತ್ತಜ್ಜರ ಕಾಲದಿಂದ ಹೆಣ ಆ ಹೊಲದ ಮೇಲೆಯೇ ಹೋಗುತ್ತಿತ್ತು. ಒಂದು ವರ್ಷ ಮಣ್ಣಿಗೆ ಬಂದ ಮಂದಿ ತೆನೆ ಬಿಟ್ಟ ಭತ್ತ ತುಳಿದು ಹಾಳುಮಾಡಿದರು. ಇಸ್ಮಾಯಿಲ ಹಾದಿಗೆ ಅಡ್ಡ ಮುಳ್ಳು ಹಚ್ಚಿದ. ಊರವರು ಖಾನಾಪುರ ಕೋರ್ಟಿಗೆ ಹೋದರು. ವಕೀಲ ತಮ್ಮ ಹುಡುಗನೇ; ಸಾಕ್ಷಿಗಳು ಗಟ್ಟಿ; ಗೆಲ್ಲುವುದು ಎಲ್ಲರಿಗೂ ಗೊತ್ತಿತ್ತು.

ಆದರೆ ತೀರ್ಪಿಗೆ ನಾಲ್ಕು ದಿನ ಇರುವಾಗ ಕರೆಪ್ಪ ಹೋಗಿ ಇಸ್ಮಾಯಿಲನ ಮನೆ ಮುಂದಿನ ಕಲ್ಲಿನ ಮೇಲೆ ಕುಳಿತ. ಏನೂ ಕೇಳಲಿಲ್ಲ. ಮರುದಿನವೂ ಕುಳಿತ. ಮೂರನೆಯ ದಿನ ಇಸ್ಮಾಯಿಲ ಹೊರಗೆ ಬಂದ.

"ವಕೀಲರ, ಆ ಕಲ್ಲು ಸವದೀತು. ಒಳಗ ಬರ್ರಿ."

ಚಹಾ ಕುಡಿದ ಮೇಲೆ ಕರೆಪ್ಪ ಹೇಳಿದ: "ನೀವು ಕರದ್ರಿ, ನಾ ಬಂದೆ. ಹಂಗ ನಮ್ಮ ಹೆಣಕ್ಕೂ ಒಮ್ಮೆ ಬರ್ರಿ ಅನ್ರಿ. ಹಕ್ಕಂತ ನಾವು ಬರೂದಿಲ್ಲ. ನೀವು ಕರೀದ ಕಾಲಿಡೂದಿಲ್ಲ."

ರಾಜಿಯಾಯಿತು. ಐದು ಮೊಳ ಅಗಲದ ಹಾದಿ, ಅದೂ ಹೊಲದವರು ನಿಂತು ಕರೆದಾಗ. ಊರಿನ ತಮ್ಮಣ್ಣ ಕೋರ್ಟಿನ ಮೆಟ್ಟಿಲ ಮೇಲೆಯೇ ಹಂಗಿಸಿದ.

"ಗೆಲ್ಲೂ ದಾವಾ ಕೈಯಾರೆ ಬಿಟ್ಟಿ. ಅಂವ ಕರೀಲಿಲ್ಲಂದ್ರ ಹೆಣಾ ನಿನ್ನ ಕೋರ್ಟಿಗೆ ತರೂಣೇನು?"

"ಕರೀತಾನ ಮಾಮಾ."

ನಲವತ್ತಮೂರು ವರ್ಷ ಇಸ್ಮಾಯಿಲ ಆ ಐದು ಮೊಳದಲ್ಲಿ ಏನೂ ಬಿತ್ತಲಿಲ್ಲ. ಯಾರೇ ಸತ್ತರೂ ತಲೆಗೆ ಟೊಪ್ಪಿಗೆ ಇಟ್ಟು ಬದುವಿನ ಮೇಲೆ ನಿಂತು ಕರೆದ. ಮಾಯಕ್ಕನ ಅವ್ವನನ್ನೂ ಕರೆದ. ಹೋದ ವರ್ಷ ತಾನೇ ತೀರಿಕೊಂಡ. ಅವನು ಹೋದ ಮೇಲೆ ಆ ಹಾದಿಗೆ ಬರುತ್ತಿರುವ ಮೊದಲ ಹೆಣ ಕರೆಪ್ಪನದು.

*

ಮಾಯಕ್ಕ ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಗಾಡಿ ಪೀರನವಾಡಿ ದಾಟಿತು. ಹಿಂದೆ ಕರಿ ಕೋಟಿನ ವಕೀಲರ ಕಾರುಗಳು ಸಾಲಾಗಿ ಬರುತ್ತಿದ್ದವು.

"ನಮ್ಮ ಸಲವಾಗಿನೂ ಸಾಹೇಬ್ರು ಹಂಗ ಕುಂತಿದ್ರರಿ ಅಕ್ಕಾರ," ಎಂದ ಬಾಳೇಶ. "ಅಲ್ಲೆ, ಉಸುಕಿನ ದೇಶದಾಗ. ದುಡಿಯಾಕ ಹೋದಾವ್ರು ಹನ್ನೊಂದು ಮಂದಿ ಇದ್ವಿ. ಪಾಸ್‌ಪೋರ್ಟ್ ಮಾಲಕನ ಕಪಾಟಿನ್ಯಾಗ. ಸಾಹೇಬ್ರು ಬಂದಾವ್ರ ಗೇಟಿನ ಮುಂದ ಬಿಸಲಾಗ ಕುರ್ಚಿ ಹಾಕಿ ಕುಂತ್ರು. ನಾವು ಒಳಗಿಂದ ನೋಡಿ ನಕ್ವಿ, ಈ ಮುದುಕ ನಮಕಿಂತ ಮೊದಲ ಸಾಯ್ತಾನಂತ."

ಪೂನಮ ಮೊದಲ ಸಲ ನಕ್ಕಳು. "ಆಮ್ಯಾಲೆ?"

"ಮೂರನೇ ದಿನ ಮಾಲಕ ಕಾಫಿಗೆ ಕರದ. ಸಾಹೇಬ್ರು ಇವರನ್ನ ಬಿಡ್ರಿ ಅನ್ನಲಿಲ್ಲಂತ. ಇವರು ನಿಮ್ಮ ಮನಿಗೆ ಬಂದ ಪಾವಣ್ಯಾರು, ನೀವ ನಿಂತು ಕಳಿಸಿಕೊಡ್ರಿ ಅಂದ್ರಂತ. ಬೀಗ ಹಾಕಿದಾವನ ಗೇಟ್ ತಗದ. ಮ್ಯಾಲೆ ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಖಜೂರ ಕೊಟ್ಟ."

"ಅಪ್ಪಾ ಮನ್ಯಾಗ ಒಂದು ಮಾತೂ ಹೇಳಲಿಲ್ಲ."

"ಏನಂತ ಹೇಳ್ಬೇಕು? ಕುಂತಿದ್ದೆ ಅಂತ?" ಎಂದಳು ಮಾಯಕ್ಕ.

*

ಊರು ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ನಾಲ್ವರು ಸಿದಿಗೆ ಹೊತ್ತರು. ಕಾಲು ಮುಂದೆ, ತಲೆ ಹಿಂದೆ. ಸುತ್ತಲ ಹಳ್ಳಿಯವರು, ಬಾಳೇಶನ ಜೊತೆಗೆ ಬಿಡುಗಡೆಯಾದವರಲ್ಲಿ ಆರು ಮಂದಿ, ವಕೀಲರು, ಎಲ್ಲ ಸೇರಿ ಮುನ್ನೂರು ಜನ ಇಸ್ಮಾಯಿಲನ ಹೊಲದ ಬದುವಿಗೆ ಬಂದು ನಿಂತರು.

ಬದುವಿನ ಮೇಲೆ ಯಾರೂ ಇರಲಿಲ್ಲ. ಎದುರಿಗೆ ಸೊಂಟದುದ್ದ ಭತ್ತ, ಹಾದಿ ಎಲ್ಲಿತ್ತು ಎನ್ನುವ ಗುರುತೂ ಇಲ್ಲ.

"ಯಾಕ ನಿಂತ್ರಿ?" ಬೆಳಗಾವಿಯ ವಕೀಲ ಚೇತನ ಮುಂದೆ ಬಂದ. "ಬೇಲಿ ಇಲ್ಲ, ಗೇಟ್ ಇಲ್ಲ. ರಾಜಿಪತ್ರ ನಾ ಓದೇನಿ. ನಡೀರಿ."

ಅವನ ಎದೆಗೆ ಒಂದು ಬಡಿಗೆ ಅಡ್ಡ ಬಂತು. ತೊಂಬತ್ತು ಮುಟ್ಟಿದ ತಮ್ಮಣ್ಣ.

"ಕರೀದ ಕಾಲಿಡಬ್ಯಾಡ ತಮ್ಮಾ. ಮಾತು ಕೊಟ್ಟೇವಿ."

"ನಿಮಗ ಯಾರು ಕರೀತಾರ್ರಿ ಈಗ?"

ತಮ್ಮಣ್ಣ ಬಡಿಗೆಯನ್ನು ತೆಗೆಯಲಿಲ್ಲ. ಹೊತ್ತವರು ಹೆಗಲು ಬದಲಿಸಿದರು. ಪೂನಮ ಅತ್ತೆಯ ಮುಖ ನೋಡಿದಳು. ಮಾಯಕ್ಕ ಭತ್ತವನ್ನೇ ನೋಡುತ್ತಿದ್ದಳು.

ಗಾಳಿ ನಿಂತಿತ್ತು. ಆದರೂ ಒಂದೆಡೆ ತೆನೆ ಅಲುಗಿತು. ಆಮೇಲೆ ಕುಡುಗೋಲಿನ ಸಪ್ಪಳ ಕೇಳಿತು. ಕೊಯ್ಯುತ್ತ ಕೊಯ್ಯುತ್ತ ಎರಡು ಬಗ್ಗಿದ ಬೆನ್ನುಗಳು ಇತ್ತ ಬಂದವು. ಕಡೆಯ ಹಿಡಿ ಬಿದ್ದಾಗ ಇಸ್ಮಾಯಿಲನ ಹೆಂಡತಿ ದಿಲಶಾದ ಸೊಂಟ ಹಿಡಿದುಕೊಂಡು ನೆಟ್ಟಗಾದಳು. ಬಾಜು ಉಜೈರ, ಮೈಯೆಲ್ಲ ಬೆವರು.

"ತಡಾ ಆತು ಮಾಯಕ್ಕಾ," ಎಂದಳು ದಿಲಶಾದ. "ನಸುಕಿಗೆ ಸುದ್ದಿ ಮುಟ್ಟಿತು. ಈ ಕಡಿಂದ ಕೊಯ್ದರ ನೀವು ಅರ್ಧಕ್ಕ ಬಂದು ನಿಲ್ಲಬೇಕಾಗ್ತಿತ್ತು. ಅದಕ್ಕ ಆ ಕಡಿಂದ, ನಿಮ್ಮವ್ವನ ಗುಂಡಿ ಹತ್ತರದಿಂದ ಸುರು ಮಾಡಿದ್ವಿ."

ಮಾಯಕ್ಕ ಬಗ್ಗಿ ಒಂದು ತೆನೆ ಎತ್ತಿ ಹಿಸುಕಿದಳು. ಬೆರಳಿಗೆ ಬಿಳಿ ಹಾಲು ಅಂಟಿತು.

"ಇನ್ನೂ ಹಾಲುಗಾಳೋ ಉಜೈರ."

"ಹಚ್ಚಬಾರದಿತ್ತು, ಹಚ್ಚಿದ್ದೆ," ಎಂದ ಉಜೈರ, ನೆಲ ನೋಡುತ್ತ.

ದಿಲಶಾದ ಸೆರಗಿನ ಗಂಟು ಬಿಚ್ಚಿ ಹಳೆಯ ಟೊಪ್ಪಿಗೆ ತೆಗೆದು, ಮಗನ ತಲೆಗಿಟ್ಟು, ಅವನನ್ನು ಬದುವಿನ ಮೇಲೆ ನಿಲ್ಲಿಸಿದಳು.

"ಬರ್ರಿ," ಎಂದ ಉಜೈರ ಸಣ್ಣ ದನಿಯಲ್ಲಿ.

"ನಂಗ ಕಿವಿ ಕೇಳೂದಿಲ್ಲ," ಎಂದ ತಮ್ಮಣ್ಣ. "ನಿಮ್ಮಪ್ಪ ಅಂದಿದ್ದು ಊರಿಗೆ ಕೇಳಿಸ್ತಿತ್ತು."

ಉಜೈರ ಎದೆ ಎತ್ತಿ ಕೂಗಿದ. "ಬರ್ರಿ."

ತಮ್ಮಣ್ಣ ಬಡಿಗೆ ಇಳಿಸಿದ. ಸಿದಿಗೆ ಹೊಲಕ್ಕೆ ಇಳಿಯಿತು. ಇಬ್ಬರ ಹಿಂದೆ ಇಬ್ಬರು, ಹಸಿ ಕೂಳೆಯ ಮೇಲೆ, ಎಡಕ್ಕೂ ಬಲಕ್ಕೂ ಒಂದು ತೆನೆ ಸೋಕದಂತೆ ನಡೆದರು. ಗಾಡಿಯ ಬಾಗಿಲಿನಿಂದ ಬಿಚ್ಚಿದ ಬಾಳೇಶನ ಟವೆಲ್ಲು ಬಿದಿರಿನಲ್ಲೇ ಉಳಿದಿತ್ತು. ಎರಡು ಹಸಿರು ಗೋಡೆಗಳ ನಡುವೆ, ಮುಂದಿನ ಬಿದಿರಿನ ತುದಿಗೆ, ಅದು ಹಾರುತ್ತ ಹೋಯಿತು.